ಚಾವಡಿಯ ಮಬ್ಬು ಬೆಳಕಿಗೆ ಹೇಳಿ ಮಾಡಿಸಿದ ಲೆನ್ಸ್

ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಕಪಾಟಿನಲ್ಲಿ ಒಂದು ಕ್ಯಾನನ್ ಡಿಎಸ್‌ಎಲ್‌ಆರ್ ಇದೆ, ಆದರೂ ಫೋಟೊ ಚೆನ್ನಾಗಿ ಬರುವುದಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸ ಕ್ಯಾಮೆರಾ ನೋಡಲು ಹೋಗಬೇಡಿ. ದುಬಾರಿ ಫೋನೂ ಬೇಡ. ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಅನ್ನುವ ಲೆನ್ಸ್ ತಗೊಳ್ಳಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ತೂಕ ಸುಮಾರು 160 ಗ್ರಾಂ. ನಾನು ಕೊಂಡಾಗ ಹತ್ತು ಸಾವಿರದ ಒಳಗೇ ಬಂತು. ನಮ್ಮ ಆಲ್ಬಮ್ ನೋಡುವವರು ಪುಟ ತಿರುಗಿಸುವುದು ಬಿಟ್ಟು ನಿಂತು ನೋಡುವ ಫೋಟೊಗಳೆಲ್ಲ ಈಗ ಇದರಲ್ಲೇ ತೆಗೆದವು.

ನಮ್ಮದು ಉಡುಪಿ ಹತ್ತಿರ, ಶಂಕರಪುರದ ಕಡೆ ಹಳೆಯ ಹಂಚಿನ ಮನೆ. ಮಳೆ ಒಳಗೆ ಹೊಡೆಯದಿರಲಿ ಅಂತ ಹಂಚಿನ ಮಾಡು ಚೆನ್ನಾಗಿ ಕೆಳಗೆ ಇಳಿದಿದೆ. ಮಳೆಯ ಜೊತೆ ಬೆಳಕೂ ಹೊರಗೇ ಉಳಿಯುತ್ತದೆ. ಸುತ್ತ ತೆಂಗು, ಅಡಿಕೆ, ಒಂದು ದೊಡ್ಡ ಹಲಸು. ಜೂನ್ ಬಂದರೆ ಸಾಕು, ಬೆಳಗ್ಗೆ ಒಂಬತ್ತಕ್ಕೂ ಲೈಟ್ ಹಾಕದೆ ಪೇಪರ್ ಓದಲು ಆಗುವುದಿಲ್ಲ. ಕರಾವಳಿಯ ಹಳೆ ಮನೆಗಳಲ್ಲಿ ಇರುವವರಿಗೆ ಇದು ಗೊತ್ತೇ ಇರುತ್ತದೆ. ಮಕ್ಕಳ ಬಾಲ್ಯದ ಅರ್ಧ ಭಾಗ ಕಳೆಯುವುದು ಈ ಮಬ್ಬು ಬೆಳಕಿನಲ್ಲೇ ಅಲ್ವಾ? ಅದನ್ನು ಹಿಡಿಯದ ಕ್ಯಾಮೆರಾ ಇದ್ದೂ ಏನು ಪ್ರಯೋಜನ?

ಕ್ಯಾಮೆರಾದ ಜೊತೆ ಬರುವ 18-55 ಎಂಎಂ ಝೂಮ್ ಲೆನ್ಸ್ ಬಿಸಿಲಲ್ಲಿ ಏನೂ ಕಡಿಮೆಯಿಲ್ಲ (ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಕಷ್ಟ ಆಗುವುದು ಒಳಗೆ. ಮುಖ ಹತ್ತಿರ ಕಾಣಲಿ ಅಂತ ಝೂಮ್ ಮಾಡಿ 55ಕ್ಕೆ ಹೋದರೆ ಅದರ ಕಿಂಡಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ. ಎಫ್/1.8 ಅಂದರೆ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಅಲ್ಲಿ ಶಟರ್ 1/20 ಸೆಕೆಂಡ್ ತೆರೆದಿರಬೇಕಾದ ಕಡೆ ಇಲ್ಲಿ 1/200 ಸಾಕು. 1/20ರಲ್ಲಿ ಮೂರು ವರ್ಷದ ಮಗು ಮುಖ ತಿರುಗಿಸಿದರೆ ಮುಖದ ಬದಲು ಒಂದು ಮಸುಕು ಗೆರೆ ಬರುತ್ತದೆ. 1/200ರಲ್ಲಿ ರೆಪ್ಪೆಯ ಕೂದಲು ಕಾಣುತ್ತದೆ. ಈ ಲೆನ್ಸಿಗೆ ನಾನು ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಇದಕ್ಕೇ ಸಂದಿದೆ.

ಇನ್ನೊಂದು ಕಾರಣ ಫ್ಲ್ಯಾಶ್. ಕ್ಯಾಮೆರಾದ ಮೇಲೆ ಏಳುವ ಆ ಪುಟ್ಟ ಫ್ಲ್ಯಾಶ್ ನಮ್ಮ ಮನೆಯಲ್ಲಿ ಈಗ ಏಳುವುದೇ ಇಲ್ಲ. ಅದು ಹೊಡೆದ ಕೂಡಲೇ ಮಗು ಆಟ ನಿಲ್ಲಿಸಿ ನಮ್ಮನ್ನು ನೋಡುತ್ತದೆ. ಹಣೆ ಹೊಳೆಯುತ್ತದೆ, ಹಿಂದಿನ ಗೋಡೆಯಲ್ಲಿ ಕಪ್ಪು ನೆರಳು ಬೀಳುತ್ತದೆ. ಮನೆ ಮನೆಯ ಹಾಗೆ ಕಾಣುವುದಿಲ್ಲ.

ಒಂದು ಫೋಟೊದ ಕಥೆ ಹೇಳುತ್ತೇನೆ. ನಮ್ಮ ಅತ್ತೆ ಬೆಳಗ್ಗೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ದು ತಂದು ಚಾವಡಿಯ ಅಂಚಿನಲ್ಲಿ ಕೂತು ಕಟ್ಟುತ್ತಾರೆ. ಮಳೆಗಾಲದಲ್ಲಿ ಹೂ ಕಡಿಮೆ, ಆದರೂ ಕಟ್ಟದ ದಿನ ಕಡಿಮೆ. ಪಕ್ಕದಲ್ಲಿ ಒದ್ದೆ ಮಾಡಿದ ಬಾಳೆನಾರು, ಎದುರು ಬೆತ್ತದ ಬುಟ್ಟಿ. ಸಣ್ಣವ ಅವರಿಗೆ ಆತುಕೊಂಡು ಕೂತು ಒಂದೊಂದೇ ಮೊಗ್ಗು ಎತ್ತಿ ಕೊಡುತ್ತಾನೆ. ಅವರು ಬೇಕಾದ್ದಕ್ಕಿಂತ ನಿಧಾನವಾಗಿ ಕಟ್ಟುತ್ತಾರೆ, ಅವನ ಕೈ ಬರುವ ತನಕ ಕಾಯಲಿಕ್ಕೆ. ನಾನು ಎರಡು ಮೀಟರ್ ದೂರದಲ್ಲಿ ನೆಲದ ಮೇಲೆ ಕೂತಿದ್ದೆ. ಎಫ್/2, ಶಟರ್ 1/250, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) 800. ಹೊರಗೆ ಜಡಿಮಳೆ. ಅಂಗಳದಿಂದ ಬಂದ ಬೆಳಕು ಅಜ್ಜಿಯ ಬಲಗೆನ್ನೆಯ ಮೇಲೆ, ಮೊಮ್ಮಗನ ಹಣೆಯ ಮೇಲೆ ಮೆತ್ತಗೆ ಬಿದ್ದಿತ್ತು. ಅವನ ಎರಡು ಬೆರಳ ನಡುವಿನ ಮೊಗ್ಗು, ಅವರ ಉಗುರಿನಲ್ಲಿ ಅಂಟಿದ ನಾರಿನ ಎಳೆ, ಎಲ್ಲ ಸ್ಪಷ್ಟ. ಹಿಂದಿನ ಕಂಬ, ಗೋಡೆಯ ಕ್ಯಾಲೆಂಡರ್, ಒಣಗಲು ಹಾಕಿದ ಬಟ್ಟೆ ಎಲ್ಲ ಕರಗಿ ಹಿಂದೆ ಸರಿದಿವೆ. ಹಳೆ 18-55 ಲೆನ್ಸಿನಲ್ಲಿ ಇದೇ ಶಟರ್ ಸಿಗಬೇಕಿದ್ದರೆ ಐಎಸ್‌ಒ 6400ಕ್ಕೆ ಏರಿಸಬೇಕಿತ್ತು. ಆಗ ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಅತ್ತೆ ಯಾವತ್ತೂ ಫೋಟೊಗೆ ನಿಂತವರಲ್ಲ. "ನನ್ನದು ಎಂತ ಫೋಟೊ, ಮಗುವಿನದ್ದು ತೆಗಿ" ಅನ್ನುವುದು ಅವರ ಮಾಮೂಲಿ ಮಾತು. ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಅಷ್ಟೇ ಇತ್ತು. ಪ್ರಿಂಟ್ ಹಾಕಿಸಿ ತಂದು ಕೊಟ್ಟಾಗ ಕನ್ನಡಕ ತರಿಸಿಕೊಂಡು ನೋಡಿದರು. ಆಮೇಲೆ ತಮ್ಮ ಟ್ರಂಕಿನ ಬಟ್ಟೆಯ ನಡುವೆ ಇಟ್ಟುಕೊಂಡರು. ನಾನು ಮನೆಗೆ ಇನ್ನೊಂದು ಹಾಕಿಸಬೇಕಾಯಿತು.

ದೂರದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಲೆನ್ಸ್ ಹಿಡಿದವರಿಗೆ ಮೊದಲು ಗಮನಕ್ಕೆ ಬರುವುದು ಅದೇ. ಇದರಲ್ಲಿ ಝೂಮ್ ಇಲ್ಲ. ಹತ್ತಿರ ಬೇಕಿದ್ದರೆ ನೀವೇ ಹತ್ತಿರ ಹೋಗಬೇಕು. ಕ್ಯಾನನ್ 1500ಡಿ, 200ಡಿ ಥರದ ಕ್ಯಾಮೆರಾಗಳಲ್ಲಿ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಚಿಕ್ಕದು. ಹಾಗಾಗಿ 50 ಎಂಎಂ ಅನ್ನುವುದು ದೊಡ್ಡ ಸೆನ್ಸರಿನ 80 ಎಂಎಂ ಲೆನ್ಸಿನಷ್ಟೇ ಕಿರಿದಾಗಿ ನೋಡುತ್ತದೆ. ಫೋನಿನ ಮುಖ್ಯ ಕ್ಯಾಮೆರಾ ಅಗಲಕ್ಕೆ ನೋಡುತ್ತದೆ. ಅದರಲ್ಲಿ ಮುಖ ತುಂಬಿಸಬೇಕಿದ್ದರೆ ಮಗುವಿನ ಮೂಗಿನ ಹತ್ತಿರವೇ ಹೋಗಬೇಕು. ಆಗ ಮೂಗು ದಪ್ಪ, ಕಿವಿ ಹಿಂದಕ್ಕೆ. 50ರಲ್ಲಿ ಎರಡು ಮೀಟರ್ ಆಚೆ ಕೂತರೂ ಮುಖ, ಭುಜ ಚೆನ್ನಾಗಿ ತುಂಬುತ್ತದೆ. ಮೂಗು ಮೂಗಿನಷ್ಟೇ ಇರುತ್ತದೆ.

ಆ ಎರಡು ಮೀಟರ್ ಮಕ್ಕಳ ಮಟ್ಟಿಗೆ ದೊಡ್ಡ ವಿಷಯ. ಅಮ್ಮ ಮೂಗಿನ ಮುಂದೆ ಫೋನ್ ಹಿಡಿದರೆ ಯಾವ ಮಗುವೂ ಆಟ ಮುಂದುವರಿಸುವುದಿಲ್ಲ. ಒಂದೋ ಹಲ್ಲು ಕಿರಿಯುತ್ತದೆ, ಇಲ್ಲ ಫೋನ್ ಕೇಳುತ್ತದೆ. ಎರಡು ಮೀಟರ್ ಆಚೆ ನೆಲದ ಮೇಲೆ ಸುಮ್ನೆ ಕೂತರೆ ಸ್ವಲ್ಪ ಹೊತ್ತಿಗೆ ಮರೆತುಬಿಡುತ್ತದೆ. "ಇಲ್ಲಿ ನೋಡು, ನಗು" ಅನ್ನುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅದರ ಬದಲು ಒಂದು ಕೆಲಸ ಕೊಡುವುದು. ಅವರೆಕಾಯಿ ಬಿಡಿಸುವುದು, ಚಪಾತಿ ಹಿಟ್ಟಿನ ಉಂಡೆ ಮಾಡುವುದು, ಅಜ್ಜನ ಕನ್ನಡಕ ಒರೆಸುವುದು. ಕೆಲಸದಲ್ಲಿ ಮುಳುಗಿದ ಮಗುವಿನ ತುಟಿ ಸ್ವಲ್ಪ ಮುಂದೆ ಬರುತ್ತದೆ ನೋಡಿ, ಅದು ಯಾವ ನಗುವಿಗಿಂತಲೂ ಚಂದ. ಮಗಳು ಈಗ ನಾಲ್ಕನೇ ಕ್ಲಾಸ್. ಚಿತ್ರ ಬರೆಯುವಾಗ ಅವಳಿಗೆ ನಾನು ಇರುವುದೇ ಗೊತ್ತಾಗುವುದಿಲ್ಲ.

ಫೋಕಸ್ ವಿಷಯಕ್ಕೆ ಬರುತ್ತೇನೆ. ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿ ಬಹಳ ತೆಳು. ಒಂದೂವರೆ ಮೀಟರ್ ದೂರದಲ್ಲಿ ಅದು ಸುಮಾರು ಆರು ಸೆಂಟಿಮೀಟರ್. ಒಂದು ಮೀಟರಿಗೆ ಬಂದರೆ ಮೂರಕ್ಕಿಂತಲೂ ಕಡಿಮೆ. ಅಂದರೆ ಒಂದು ಕಣ್ಣು ಸ್ಪಷ್ಟ, ಆಚೆ ಕಣ್ಣು ಮಸುಕು. ಆದ್ದರಿಂದ ಓಡಾಡುವ ಮಕ್ಕಳಿಗೆ ನಾನು ಎಫ್/2.8 ಇಡುತ್ತೇನೆ. ಮಲಗಿದ ಮಗುವಿಗೆ, ಕೂತು ಓದುವವರಿಗೆ ಮಾತ್ರ 1.8 ಅಥವಾ 2. ಕ್ಯಾಮೆರಾದಲ್ಲಿ ಫೋಕಸ್ ಪಾಯಿಂಟ್ ಅದಾಗಿಯೇ ಆರಿಸುವಂತೆ ಬಿಡಬೇಡಿ. ಅದು ಹತ್ತಿರ ಇರುವುದನ್ನು ಹಿಡಿಯುತ್ತದೆ, ಮಗುವಿನ ಕೈಯ ಆಟಿಕೆ ಸ್ಪಷ್ಟವಾಗಿ ಮುಖ ಮಸುಕಾಗುತ್ತದೆ. ಒಂದೇ ಪಾಯಿಂಟ್ ಆರಿಸಿ, ಅದನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. ಮಗು ನಡೆಯುತ್ತಿದ್ದರೆ ಎಐ ಸರ್ವೊಗೆ (ಚಲಿಸುವುದನ್ನು ಹಿಂಬಾಲಿಸಿ ಫೋಕಸ್ ಮಾಡುವ ಸೆಟ್ಟಿಂಗ್) ಬದಲಿಸಿ, ಸಾಲಾಗಿ ನಾಲ್ಕೈದು ಹೊಡೆಯಿರಿ, ರಾತ್ರಿ ಕೂತು ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸಿ.

ಎಸ್‌ಟಿಎಂ ಅನ್ನುವುದು ಒಳಗಿನ ಮೋಟಾರಿನ ಹೆಸರು. ಕ್ಯಾನನ್ ಈ ಲೆನ್ಸನ್ನು 2015ರಲ್ಲಿ ತಂದಿತು. ಅದಕ್ಕೆ ಮೊದಲು 1990ರಿಂದ ಇದ್ದದ್ದು 50 ಎಂಎಂ ಎಫ್/1.8 ಎರಡನೇ ಮಾದರಿ. ಅದು ಫೋಕಸ್ ಮಾಡುವಾಗ ಗರ್ ಅನ್ನುತ್ತಿತ್ತು, ಕ್ಯಾಮೆರಾಗೆ ಕೂರುವ ಬುಡವೂ ಪ್ಲಾಸ್ಟಿಕ್. ಇದರ ಬುಡ ಲೋಹದ್ದು, ಸದ್ದು ತುಂಬ ಕಡಿಮೆ. ತೊಟ್ಟಿಲ ಪಕ್ಕ ನಿಂತು ತೆಗೆಯುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯದು 45 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಮಾಡುತ್ತಿರಲಿಲ್ಲ, ಇದು 35ರ ತನಕ ಬರುತ್ತದೆ. ಹಸುಗೂಸಿನ ಅಂಗಾಲು, ಮುಷ್ಟಿ ತೆಗೆಯಲು ಆ ಹತ್ತು ಸೆಂಟಿಮೀಟರ್ ಬೇಕೇ ಬೇಕು.

ಎಲ್ಲದಕ್ಕೂ ಇದೇ ಸಾಕು ಅಂತ ಮಾತ್ರ ಹೇಳುವುದಿಲ್ಲ. ಚೌತಿಗೆ, ದೀಪಾವಳಿಗೆ ಎಲ್ಲರೂ ಸೇರಿದಾಗ ಗ್ರೂಪ್ ಫೋಟೊ ಬೇಕಲ್ಲ, ಅದಕ್ಕೆ ಇದು ಆಗುವುದಿಲ್ಲ. ಐದು ಮೀಟರ್ ಹಿಂದೆ ನಿಂತರೂ ಅಡ್ಡಕ್ಕೆ ಎರಡೂಕಾಲು ಮೀಟರ್ ಮಾತ್ರ ಒಳಗೆ ಬರುತ್ತದೆ. ಐದಾರು ಮಂದಿ ಒತ್ತಿ ನಿಲ್ಲುವಷ್ಟು. ನಮ್ಮ ಚಾವಡಿಯಲ್ಲಿ ಹಿಂದೆ ಹೋಗಿ ಹೋಗಿ ಅಂಗಳಕ್ಕೆ ಇಳಿಯಬೇಕು, ಮಳೆ ಬಂದರೆ ಕೊಡೆ ಹಿಡಿಯಲು ಇನ್ನೊಬ್ಬರು ಬೇಕು. ದೊಡ್ಡ ಗುಂಪಿಗೆ ಆ 18-55 ಲೆನ್ಸೇ ಒಳ್ಳೆಯದು. ಎರಡು ಸಾಲು ನಿಲ್ಲಿಸಿದರೆ ಎಫ್/5.6ಕ್ಕೋ 8ಕ್ಕೋ ಇಡಿ, ಹಿಂದಿನ ಸಾಲಿನ ಅಜ್ಜ ಅಜ್ಜಿಯೂ ಸ್ಪಷ್ಟವಾಗಿ ಬರಲಿ. ಕಾಪುವಿನ ದೀಪಸ್ತಂಭದ ಎದುರು ಮಕ್ಕಳನ್ನು ನಿಲ್ಲಿಸಿ ಸ್ತಂಭವೂ ಪೂರ್ತಿ ಬರಬೇಕು ಅಂದರೂ ಇದು ಸಲ್ಲದು.

ಕೈ ನಡುಕ ತಡೆಯುವ ವ್ಯವಸ್ಥೆಯೂ ಇದರಲ್ಲಿಲ್ಲ. ಹಾಗಾಗಿ 1/100ಕ್ಕಿಂತ ಕೆಳಗೆ ಹೋಗುವಾಗ ಕಂಬಕ್ಕೋ ಗೋಡೆಗೋ ಒರಗಿಕೊಳ್ಳುತ್ತೇನೆ.

ಅಷ್ಟಮಿಯ ಸಮಯದಲ್ಲಿ ಉಡುಪಿಯಲ್ಲಿ ಮುದ್ದುಕೃಷ್ಣ ಸ್ಪರ್ಧೆ ಇದ್ದೇ ಇರುತ್ತದೆ. ಕಿರೀಟ, ನವಿಲುಗರಿ, ಕೊಳಲು, ಬೆಣ್ಣೆ ಗಡಿಗೆ, ಅಳುವ ಕೃಷ್ಣ, ನಿದ್ದೆ ಹೋದ ಕೃಷ್ಣ. ಸಭಾಂಗಣದ ಟ್ಯೂಬ್‌ಲೈಟಿನಲ್ಲಿ ಈ ಲೆನ್ಸಿಗೆ ಬೆಳಕು ಸಾಕಷ್ಟು ಸಿಗುತ್ತದೆ, ಆದರೆ ಒಂದು ಎಚ್ಚರ ಬೇಕು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ ತುಂಬ ವೇಗ ಇಟ್ಟರೆ ಒಂದು ಫೋಟೊ ಹಳದಿ, ಇನ್ನೊಂದು ಕಪ್ಪು, ಮತ್ತೊಂದರಲ್ಲಿ ಅಡ್ಡ ಪಟ್ಟೆ. 1/100 ಇಟ್ಟರೆ ಆ ತೊಂದರೆ ಇಲ್ಲ. ವೇದಿಕೆಯ ಮೇಲೆ ನಿಂತ ಮಗುವಿಗೆ ಅಷ್ಟು ವೇಗ ಸಾಕು. ಮನೆಯಲ್ಲಾದರೆ ನಾನು ಹಗಲು ಟ್ಯೂಬ್‌ಲೈಟ್ ಆರಿಸಿಯೇ ತೆಗೆಯುತ್ತೇನೆ. ಕಿಟಕಿಯ ಬೆಳಕಿಗೆ ಟ್ಯೂಬ್‌ಲೈಟ್ ಬೆರೆತರೆ ಕೆನ್ನೆ ಒಂದು ಬಣ್ಣ, ಕಿವಿ ಇನ್ನೊಂದು ಬಣ್ಣ. ನಮ್ಮ ಹಳೆ ಮನೆಗಳ ಮಾಡಿನಲ್ಲಿ ನಡುನಡುವೆ ಗಾಜಿನ ಹಂಚು ಇರುತ್ತದಲ್ಲ, ಅದರ ಕೆಳಗೆ ಸ್ವಲ್ಪ ಆಚೆ ಮಗುವನ್ನು ಕೂರಿಸಿ ನೋಡಿ. ನೇರ ಕೆಳಗೆ ಬೇಡ, ಕಣ್ಣಿನ ಗುಳಿಯಲ್ಲಿ ನೆರಳು ಬೀಳುತ್ತದೆ.

ಕಡಲ ತೀರಕ್ಕೆ ಹೋದರೆ ಲೆಕ್ಕ ತಿರುಗುಮುರುಗು. ಮಲ್ಪೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಎಫ್/1.8 ಇಟ್ಟರೆ 1500ಡಿಯ ಅತಿ ವೇಗದ ಶಟರ್ 1/4000 ಕೂಡ ಸಾಲುವುದಿಲ್ಲ, ಮುಖವೆಲ್ಲ ಬಿಳುಚಿಕೊಳ್ಳುತ್ತದೆ. 4 ಅಥವಾ 5.6 ಇಡಿ. ಅದಕ್ಕಿಂತ ಸಂಜೆ ಐದೂವರೆಯ ಮೇಲೆ ಹೋಗುವುದು ಒಳ್ಳೆಯದು. ನಮ್ಮ ಕಡಲು ಪಡುವಣಕ್ಕೆ ಇರುವುದರಿಂದ ಮಕ್ಕಳು ನೀರಿನ ಕಡೆ ಮುಖ ಮಾಡಿ ನಿಂತರೆ ಸಂಜೆಯ ಬೆಳಕು ನೇರ ಮುಖಕ್ಕೆ ಬೀಳುತ್ತದೆ. ಎಲ್ಲರೂ ಸೂರ್ಯನನ್ನು ಹಿಂದೆ ಹಾಕಿ ತೆಗೆಯುತ್ತಾರೆ, ಮಕ್ಕಳು ಕಪ್ಪಾಗಿ ಬರುತ್ತಾರೆ. ನೀವು ನೀರಿಗೆ ಬೆನ್ನು ಮಾಡಿ ನಿಂತು ನೋಡಿ. ಅಲೆಯ ಮೇಲೆ ಒಂದು ಕಣ್ಣಿರಲಿ.

ಇನ್ನು ಬೂಷ್ಟು. ಕರಾವಳಿಯಲ್ಲಿ ಲೆನ್ಸ್ ಇಟ್ಟುಕೊಳ್ಳುವವರು ಮೊದಲು ತಿಳಿಯಬೇಕಾದ್ದು ಇದು. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಹಿಡಿಯುವ ಬೂಷ್ಟು ಲೆನ್ಸಿನ ಗಾಜಿನ ಒಳಗೂ ಹಿಡಿಯುತ್ತದೆ. ಕ್ಯಾಮೆರಾ ಬ್ಯಾಗಿನಲ್ಲಿ ಹಾಕಿ ಕಪಾಟಿನಲ್ಲಿ ಮುಚ್ಚಿಟ್ಟರೆ ಬೂಷ್ಟಿಗೆ ಹಬ್ಬ. ನಾನು ಗಟ್ಟಿ ಮುಚ್ಚಳದ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಜೊತೆಗೆ ತೇವ ಅಳೆಯುವ ಒಂದು ಪುಟ್ಟ ಮೀಟರ್. ಅದು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿ ಆಗುತ್ತದೆ, ಆಗ ಬಿಸಿ ಮಾಡಿ ಒಣಗಿಸಬೇಕು. ಅಕ್ಕಿ ಡಬ್ಬದಲ್ಲಿ ಇಡುವವರಿದ್ದಾರೆ, ಬೇಡ, ಹುಡಿ ಒಳಗೆ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮದ್ದು ಅಂದರೆ ಲೆನ್ಸನ್ನು ಬಳಸುತ್ತಾ ಇರುವುದು. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಗಾಜಿನ ಮೇಲೆ ಹಬೆ ಕೂರುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಳಿಗೆ ಮುಂದೆ ಒಂದು ಫಿಲ್ಟರ್ ಹಾಕಿದ್ದೇನೆ. ಇದಕ್ಕೆ 49 ಎಂಎಂ ಫಿಲ್ಟರ್ ಬೇಕು, 18-55ರ 58 ಎಂಎಂ ಫಿಲ್ಟರ್ ಕೂರುವುದಿಲ್ಲ.

ಪ್ರಿಂಟ್ ಬಗ್ಗೆಯೂ ಒಂದು ಮಾತು. ಪೇಟೆಯ ಒಂದು ಅಂಗಡಿಯಲ್ಲಿ ಮಗಳ ಫೋಟೊ ಪ್ರಿಂಟಿಗೆ ಕೊಟ್ಟಿದ್ದೆ. ಕೈಗೆ ಬಂದಾಗ ಅವಳ ಮುಖ ಹಿಟ್ಟು ಬಳಿದಷ್ಟು ಬೆಳ್ಳಗೆ. ಕೇಳಿದರೆ "ಸ್ವಲ್ಪ ಕಲರ್ ಕರೆಕ್ಷನ್ ಮಾಡಿದ್ದೇವೆ ಮೇಡಂ, ಎಲ್ಲರಿಗೂ ಮಾಡ್ತೇವೆ" ಅಂದರು. ಮಗಳು ಪಕ್ಕದಲ್ಲೇ ಇದ್ದಳು. "ಅಮ್ಮ, ಇದು ನಾನಲ್ಲ" ಅಂದಳು. ನನಗೆ ಹೊಟ್ಟೆಯೊಳಗೆ ಸಂಕಟ ಆಯಿತು ಮಾರಾಯ್ರೆ. ಅವಳು ಎಣ್ಣೆಗಪ್ಪು, ಅವಳ ಅಪ್ಪನ ಬಣ್ಣ. ಚಾವಡಿಯ ಬೆಳಕಿನಲ್ಲಿ ಆ ಬಣ್ಣಕ್ಕೆ ಇರುವ ಹೊಳಪು ಹಿಡಿಯಲಿಕ್ಕೆ ಅಂತಲೇ ನಾನು ಆ ಫೋಟೊ ತೆಗೆದದ್ದು. ಮತ್ತೆ ಹಾಕಿಸಿದೆವು, ಇದ್ದದ್ದು ಇದ್ದ ಹಾಗೆ. ಈಗ ಎಲ್ಲಿ ಕೊಟ್ಟರೂ ಮೊದಲೇ ಹೇಳುತ್ತೇನೆ: ಕರೆಕ್ಷನ್ ಬೇಡ, ಮುಖ ಬೆಳ್ಳಗೆ ಮಾಡಬೇಡಿ, ಮ್ಯಾಟ್ ಪೇಪರ್ ಕೊಡಿ. ಹೊಳೆಯುವ ಪೇಪರ್ ನಮ್ಮ ತೇವಕ್ಕೆ ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ನೀವೂ ಹೇಳಿ, ಮಕ್ಕಳ ಎದುರಿಗೇ ಹೇಳಿ.

ಕೊಳ್ಳುವವರಿಗೆ ಕೆಲವು ವಿಷಯ. ಈ ಇಎಫ್ ಲೆನ್ಸ್ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಿಗೆ ನೇರ ಕೂರುತ್ತದೆ. ನಿಮ್ಮದು ಹೊಸ ಆರ್ ಸರಣಿಯ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆದರೆ ಅಡಾಪ್ಟರ್ ಬೇಕು, ಇಲ್ಲವೇ 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್/1.8 ತಗೊಳ್ಳಿ. ನಿಕಾನ್ ಇರುವವರಿಗೆ ಅದರದ್ದೇ 50 ಎಂಎಂ ಎಫ್/1.8 ಜಿ ಇದೆ. ಹಳೆಯ 'ಡಿ' ಮಾದರಿ ಅಗ್ಗಕ್ಕೆ ಸಿಗುತ್ತದೆ, ಆದರೆ ಡಿ3500, ಡಿ5600 ಥರದ ಕ್ಯಾಮೆರಾಗಳಲ್ಲಿ ಅದು ಆಟೋಫೋಕಸ್ ಆಗುವುದಿಲ್ಲ. ಓಡುವ ಮಕ್ಕಳ ಹಿಂದೆ ಕೈಯಲ್ಲಿ ಫೋಕಸ್ ತಿರುಗಿಸುತ್ತಾ ಕೂರಲು ಆಗುತ್ತದಾ?

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹಗಲು ಹೊತ್ತಿನಲ್ಲಿ ಹೋಗಿ. ಕ್ಯಾಮೆರಾಗೆ ಹಾಕಿ ಹತ್ತಿರಕ್ಕೆ, ದೂರಕ್ಕೆ ಫೋಕಸ್ ಮಾಡಿಸಿ, ಮುಂದಿನ ಕೊಳವೆ ಸಲೀಸಾಗಿ ಹೊರಗೆ ಬಂದು ಒಳಗೆ ಹೋಗುತ್ತದಾ ನೋಡಿ. ಆಮೇಲೆ ಬಿಚ್ಚಿ, ಹಿಂದಿನಿಂದ ಫೋನಿನ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ಗಾಜಿನ ಒಳಗೆ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡರ ಬಲೆಯಂಥ ತೆಳು ಎಳೆ ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.